ಗೂಡಲೂರಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ದಾರಿಯಾಗಿ ಊಟಿಗೆ ಹೋಗಿಬಂದವರಲ್ಲಿ ಬಹುಪಾಲು ಮಂದಿ ಗೂಡಲೂರನ್ನು ಕಂಡೇ ಇರುತ್ತಾರೆ. ಆದರೆ ಅವರಿಗೆ ಅದು ಬಸ್ಸು ಹತ್ತು ನಿಮಿಷ ನಿಂತ ಜಾಗ, ಇಳಿದು ಚಹಾ ಕುಡಿದು ಮತ್ತೆ ಹತ್ತಿದ ಜಾಗ, ಅಷ್ಟೇ. ಆ ಹತ್ತು ನಿಮಿಷವನ್ನು ಒಂದು ರಾತ್ರಿಗೆ ಹಿಗ್ಗಿಸಿಕೊಳ್ಳಿ ಎಂದು ನಾನು ಸಿಕ್ಕಿದವರಿಗೆಲ್ಲ ಹೇಳುತ್ತಾ ಬಂದಿರುವುದರಿಂದ, ಹೊರಡುವ ಮುನ್ನ ನೆಂಟರು, ಸ್ನೇಹಿತರು ಕೇಳುವ ಪ್ರಶ್ನೆಗಳಿಗೂ ನಾನೇ ಉತ್ತರ ಕೊಡಬೇಕಾಗಿದೆ. ಅವುಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಇದು ಯಾವ ಗೂಡಲೂರು?

ತಮಿಳುನಾಡಿನ ನೀಲಗಿರಿ ಜಿಲ್ಲೆಯ ತಾಲ್ಲೂಕು ಕೇಂದ್ರವಾದ ಗೂಡಲೂರು. ಇದೇ ಹೆಸರಿನ ಇನ್ನೊಂದು ಊರು ತೇಣಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ಕುಮಳಿಗೆ ಹೋಗುವ ದಾರಿಯಲ್ಲಿದೆ. ಸಮುದ್ರತೀರದ ಕಡಲೂರು ಬೇರೆಯೇ. ಬಸ್ಸಿಗೆ ಮುಂಗಡ ಟಿಕೆಟು ಮಾಡಿಸುವಾಗ ಜಿಲ್ಲೆಯ ಹೆಸರನ್ನು ನೋಡಿಕೊಳ್ಳುವುದು ಒಳ್ಳೆಯದು.

ಊರಿಗೆ ಈ ಹೆಸರು ಹೇಗೆ ಬಂತು? ಅಲ್ಲಿ ಕೂಡುವ ದಾರಿಗಳು ಯಾವುವು?

‘ಕೂಡಲ್’ ಎಂದರೆ ಕೂಡುವ ಜಾಗ. ಕೃಷ್ಣೆ ಮಲಪ್ರಭೆಯರು ಸೇರುವಲ್ಲಿ ಕೂಡಲಸಂಗಮ ಇದೆಯಲ್ಲ, ಇಲ್ಲಿಯದೂ ಅದೇ ಧಾತು. ಅಲ್ಲಿ ಹೊಳೆಗಳು ಕೂಡಿದರೆ ಇಲ್ಲಿ ರಸ್ತೆಗಳು ಕೂಡುತ್ತವೆ. ಉತ್ತರದಿಂದ ಗುಂಡ್ಲುಪೇಟೆ, ಬಂಡೀಪುರ, ಮುದುಮಲೆ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 181 ಊರಿನ ನಡುವೆ ಹಾದು ಪೂರ್ವಕ್ಕೆ ಊಟಿಯ ಘಟ್ಟವನ್ನು ಏರುತ್ತದೆ. ಹಳೆಯ ನಕಾಶೆಗಳಲ್ಲಿ ಇದರ ಸಂಖ್ಯೆ 67. ವಾಯವ್ಯಕ್ಕೆ ದೇವರ್‌ಶೋಲೆ, ಪಾಟ್ಟವಯಲ್ ಮೂಲಕ ಸುಲ್ತಾನ್ ಬತ್ತೇರಿಯ ದಾರಿ ಹೊರಡುತ್ತದೆ. ನೈರುತ್ಯಕ್ಕೆ ಹೊರಟ ದಾರಿ ನಾಡುಕಾಣಿಯಲ್ಲಿ ಕವಲೊಡೆದು, ಒಂದು ಕವಲು ಘಟ್ಟವಿಳಿದು ನಿಲಂಬೂರಿಗೂ, ಇನ್ನೊಂದು ದೇವಾಲ, ಪಂದಲೂರು, ಚೇರಂಬಾಡಿಗಳನ್ನು ಹಾದು ವಯನಾಡಿನ ಒಳಗೂ ಹೋಗುತ್ತದೆ.

ದಾರಿಗಳು ಇಲ್ಲಿ ಕೂಡುತ್ತವೆ, ಆದರೆ ನೀರು ಅಗಲುತ್ತದೆ. ನೀವು ಬರುವಾಗ ತೆಪ್ಪಕಾಡಿನ ಸೇತುವೆಯ ಕೆಳಗೆ ಕಂಡ ಮೋಯಾರ್ ಹೊಳೆ ಪೂರ್ವಕ್ಕೆ ಹರಿದು, ಭವಾನಿಯನ್ನು ಸೇರಿ, ಕಾವೇರಿಯ ಪಾಲಾಗುತ್ತದೆ. ಗೂಡಲೂರಿನ ದಕ್ಷಿಣ, ಪಶ್ಚಿಮದ ಹಳ್ಳಗಳೋ ಪಾಂಡಿಯಾರಿಗೆ ಬಿದ್ದು, ಘಟ್ಟದಿಂದ ಕೆಳಕ್ಕೆ ಧುಮುಕಿ, ಚಾಲಿಯಾರ್ ಆಗಿ ಬೇಪೂರಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತವೆ. ಬಸ್ಸಿನಲ್ಲಿ ಅರ್ಧ ತಾಸು ಕಣ್ಣು ಮುಚ್ಚಿದವನು ಎರಡು ಸಮುದ್ರಗಳ ನಡುವಿನ ಗೆರೆಯನ್ನು ನಿದ್ದೆಯಲ್ಲೇ ದಾಟಿರುತ್ತಾನೆ.

ಕರ್ನಾಟಕದಿಂದ ಹೋಗುವುದು ಹೇಗೆ?

ಮೈಸೂರಿನಿಂದ ಸುಮಾರು 110 ಕಿಲೋಮೀಟರು, ಗುಂಡ್ಲುಪೇಟೆಯಿಂದ ಸುಮಾರು 50. ಬೆಂಗಳೂರು, ಮೈಸೂರುಗಳಿಂದ ಊಟಿಗೆ ಹೋಗುವ ಕರ್ನಾಟಕ ಸಾರಿಗೆಯ ಬಸ್ಸುಗಳಲ್ಲಿ ಹಲವು ಗೂಡಲೂರನ್ನು ಹಾದೇ ಹೋಗುತ್ತವೆ. ಮಸಿನಗುಡಿಯ ದಾರಿ ಹಿಡಿಯುವ ಬಸ್ಸೂ ಉಂಟಾದ್ದರಿಂದ ಹತ್ತುವ ಮುನ್ನ ಕಂಡಕ್ಟರರನ್ನು ಒಮ್ಮೆ ಕೇಳಿ. ರೈಲು ಇಲ್ಲ. ಹತ್ತಿರದ ದೊಡ್ಡ ಹಳಿಯ ನಿಲ್ದಾಣ ಘಟ್ಟದ ಕೆಳಗಿನ ನಿಲಂಬೂರು. ಅಲ್ಲಿಂದ ಮೇಲಕ್ಕೆ ಬಸ್ಸಿನಲ್ಲಿ ಬರಬೇಕು.

ಸ್ವಂತ ವಾಹನದವರು ಜುಲೈ, ಆಗಸ್ಟಿನಲ್ಲಿ ಹೊರಟರೆ ಗುಂಡ್ಲುಪೇಟೆಯ ಆಚೀಚೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳ ಬಳಿ ತಡವಾಗುವುದನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕು. ಎಲ್ಲರೂ ಅಲ್ಲಿ ನಿಲ್ಲಿಸುತ್ತಾರೆ, ನೀವೂ ನಿಲ್ಲಿಸುತ್ತೀರಿ. ಹೊಲಕ್ಕೆ ಇಳಿಯುವ ಮುನ್ನ ರೈತರನ್ನು ಕೇಳಿ ಇಳಿದರೆ ಸಾಕು.

ರಾತ್ರಿ ಹೊತ್ತು ಕಾಡಿನ ರಸ್ತೆ ಮುಚ್ಚುತ್ತಾರೆಂಬುದು ನಿಜವೇ?

ನಿಜ. ಬಂಡೀಪುರದ ಮೂಲಕ ಹೋಗುವ ಎರಡೂ ಹೆದ್ದಾರಿಗಳಲ್ಲಿ, ಅಂದರೆ ಗೂಡಲೂರಿನ ದಾರಿಯಲ್ಲಿಯೂ ಸುಲ್ತಾನ್ ಬತ್ತೇರಿಯ ದಾರಿಯಲ್ಲಿಯೂ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದ ಕಾರಣ 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಹೊರಡಿಸಿದ ಆದೇಶವನ್ನು 2010ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಆಂಬುಲೆನ್ಸುಗಳಿಗೂ, ಲೆಕ್ಕದ ಕೆಲವು ಸರ್ಕಾರಿ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಮುದುಮಲೆಯ ಭಾಗದಲ್ಲೂ ಇದೇ ಪದ್ಧತಿ.

ಇದರ ಬಿಸಿ ನನಗೆ ತಟ್ಟಿದ್ದು ಗೂಡಲೂರಿನ ಕಡೆಯಿಂದ. ಊಟಿಯಿಂದ ಇಳಿಯುವಾಗ ಪೈಕಾರದ ಬಳಿ ‘ಇನ್ನೂ ಹೊತ್ತಿದೆ’ ಎಂದು ಜೋಳ ತಿನ್ನುತ್ತಾ ಕೂತು, ಮಂಜಿನಲ್ಲಿ ಘಟ್ಟ ಇಳಿದು, ಮುದುಮಲೆ ಕಾಡಿನ ಗೂಡಲೂರು ಬದಿಯ ತೊರಪಳ್ಳಿ ಗೇಟಿಗೆ ತಲುಪಿದಾಗ ಗಡಿಯಾರ 9 ಗಂಟೆ 6 ನಿಮಿಷ ತೋರಿಸುತ್ತಿತ್ತು. ಅಡ್ಡಗಂಬ ಇಳಿದಿತ್ತು, ಅದರ ಆಚೆ ಒಂದೇ ಒಂದು ದೀಪವೂ ಇಲ್ಲದ ಕತ್ತಲು. ಕಾವಲಿನವರು ಬೈಯಲಿಲ್ಲ, ಗೋಗರೆಯಲೂ ಬಿಡಲಿಲ್ಲ. ಗೂಡಲೂರಿನ ದಿಕ್ಕಿಗೆ ಕೈ ತೋರಿಸಿದರು, ಅಷ್ಟೆ. ಆ ರಾತ್ರಿ ಬಸ್ ನಿಲ್ದಾಣದ ಹತ್ತಿರದ ಒಂದು ಲಾಡ್ಜಿನಲ್ಲಿ ಉಳಿದದ್ದೇ ಈ ಊರಿನ ಪರಿಚಯಕ್ಕೆ ನೆಪವಾಯಿತು. ಆದ್ದರಿಂದ ಕರ್ನಾಟಕಕ್ಕೆ ಮರಳುವವರು ಗೂಡಲೂರನ್ನು ಸಂಜೆ 7 ಗಂಟೆಯೊಳಗೆ ಬಿಡುವುದು ಕ್ಷೇಮ. 9ಕ್ಕೆ ಗೇಟು ಮುಚ್ಚುತ್ತದೆಯೆಂದು 8.55ಕ್ಕೆ ಒಳಹೊಕ್ಕು ಕತ್ತಲ ಕಾಡಿನಲ್ಲಿ ಗಾಡಿ ಓಡಿಸುವುದು ನಿಯಮಕ್ಕೆ ಸರಿಹೋದೀತು, ದಾರಿ ದಾಟುತ್ತಿರುವ ಜಿಂಕೆಗೆ ಸರಿಹೋಗುವುದಿಲ್ಲ.

ಇ-ಪಾಸ್ ಬೇಕೇ?

ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಜಾರಿಗೆ ಬಂದಿದೆ. ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ವಾಹನದ ಸಂಖ್ಯೆ, ಜನರ ಸಂಖ್ಯೆ, ಬರುವ ಹೋಗುವ ದಿನ ತುಂಬಿದರೆ ಸಿಗುತ್ತದೆ. 2025ರ ಬೇಸಿಗೆಯಲ್ಲಿ ದಿನಕ್ಕೆ ಇಷ್ಟೇ ವಾಹನ ಎಂಬ ಮಿತಿಯನ್ನೂ ನ್ಯಾಯಾಲಯ ಹಾಕಿದ್ದರಿಂದ, ಏಪ್ರಿಲ್, ಮೇ ತಿಂಗಳ ಶನಿವಾರ ಭಾನುವಾರಗಳಿಗೆ ಕೊನೆಯ ಗಳಿಗೆಯವರೆಗೆ ಕಾಯಬಾರದು. ‘ನಾವು ಊಟಿಗೆ ಹೋಗುವುದಿಲ್ಲ, ಗೂಡಲೂರಿಗಷ್ಟೇ’ ಎಂದು ಚೆಕ್‌ಪೋಸ್ಟಿನಲ್ಲಿ ವಾದಿಸುವುದಕ್ಕಿಂತ ಮನೆಯಲ್ಲೇ ಐದು ನಿಮಿಷ ಕೂತು ಪಾಸ್ ಮಾಡಿಸಿಕೊಳ್ಳುವುದು ಲೇಸು. ಸಾರ್ವಜನಿಕ ಬಸ್ಸಿನಲ್ಲಿ ಬರುವವರಿಗೆ ಈ ತಲೆನೋವಿಲ್ಲ. ಹಳದಿ ಫಲಕದ ಬಾಡಿಗೆ ವಾಹನವಾದರೆ ತಮಿಳುನಾಡಿನ ಪರ್ಮಿಟ್ಟು, ತೆರಿಗೆ ಕಟ್ಟಿದೆಯೇ ಎಂದು ಚಾಲಕರನ್ನು ಮೊದಲೇ ಕೇಳಿ.

ಗಡಿಯ ಕೆಕ್ಕನಹಳ್ಳ ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್‌ಗಾಗಿ ಗಾಡಿಯನ್ನು ತಪಾಸಣೆ ಮಾಡುತ್ತಾರೆ. ನೀಲಗಿರಿ ಜಿಲ್ಲೆಯಲ್ಲಿ 5 ಲೀಟರಿಗಿಂತ ಚಿಕ್ಕ ನೀರಿನ ಬಾಟಲಿ, ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಗಳಿಗೆ 2019ರಿಂದ ನಿಷೇಧವಿದೆ. ಸ್ಟೀಲಿನ ಬಾಟಲಿ ಒಯ್ಯಿರಿ. ನೀರು ತುಂಬಿಸಿಕೊಳ್ಳುವ ಯಂತ್ರಗಳು ದಾರಿಯಲ್ಲಿ ಸಿಗುತ್ತವೆ. ಗುಂಡ್ಲುಪೇಟೆಯಲ್ಲಿ ಕೊಂಡ ನೀರಿನ ಬಾಟಲಿಗಳ ಕಟ್ಟನ್ನು ಗಡಿಯಲ್ಲಿ ಒಪ್ಪಿಸಿ, ಮೇಲೆ ದಂಡವನ್ನೂ ಕಟ್ಟುವ ಕುಟುಂಬವೊಂದು ಪ್ರತಿ ಸಲವೂ ಕಣ್ಣಿಗೆ ಬೀಳುತ್ತದೆ.

ಕಾಡಿನ ನಡುವೆ ಗಾಡಿ ನಿಲ್ಲಿಸಿ ಚಿತ್ರ ತೆಗೆಯಬಹುದೇ?

ಕೂಡದು. ಇಳಿಯುವುದು, ಹಾರನ್ ಮಾಡುವುದು, ಕೋತಿಗೆ ಬಿಸ್ಕತ್ತು ಎಸೆಯುವುದು ಎಲ್ಲಕ್ಕೂ ದಂಡವಿದೆ. ಹತ್ತಿರದಿಂದ ಆನೆ ನೋಡಬೇಕೆನ್ನುವವರು ತೆಪ್ಪಕಾಡಿನ ಆನೆ ಶಿಬಿರದಲ್ಲಿ ಟಿಕೆಟು ಪಡೆದು, ಮಾವುತರು ರಾಗಿಮುದ್ದೆ ತಿನ್ನಿಸುವ ಹೊತ್ತಿಗೆ ಸರಿಯಾಗಿ ನಿಂತು ನೋಡಬಹುದು. ತೂಕ ಮಾಡಿ ಕಟ್ಟಿದ ಒಂದೊಂದು ಮುದ್ದೆಯೂ ನಮ್ಮ ಮನೆಯ ಮುದ್ದೆಯ ಹತ್ತರಷ್ಟಿರುತ್ತದೆ. ಮಂಡ್ಯ ಕಡೆಯವರಿಗೆ ಅದನ್ನು ನೋಡುವುದೇ ಒಂದು ಖುಷಿ.

ಯಾವ ಕಾಲದಲ್ಲಿ ಹೋಗುವುದು ಒಳ್ಳೆಯದು?

ಅಕ್ಟೋಬರ್ ನಡುವಿನಿಂದ ಫೆಬ್ರವರಿಯವರೆಗೆ. ಊರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಸ್ವಲ್ಪ ಮೇಲಿರುವುದರಿಂದ ಊಟಿಯ ಕೊರೆಯುವ ಚಳಿ ಇಲ್ಲಿ ಇರುವುದಿಲ್ಲ. ತೆಳುವಾದ ಒಂದು ಸ್ವೆಟರ್ ಸಾಕು. ಮಾರ್ಚಿಗೆ ಕಾಡು ಒಣಗುತ್ತದೆ, ಕಾಳ್ಗಿಚ್ಚಿನ ಭಯದಿಂದ ಸಫಾರಿ ನಿಲ್ಲಿಸುವುದೂ ಉಂಟು. ಏಪ್ರಿಲ್, ಮೇನಲ್ಲಿ ಊಟಿಯ ಸೀಸನ್ನಿನ ವಾಹನಗಳೆಲ್ಲ ಈ ಒಂದು ಕೂಡುರಸ್ತೆಯಲ್ಲೇ ನುಗ್ಗುವುದರಿಂದ ಪೇಟೆ ದಾಟುವುದೇ ಒಂದು ಪ್ರಯಾಣವಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಳೆಯ ಮಾತೇ ಬೇರೆ. ಘಟ್ಟದ ಅಂಚಿನಲ್ಲಿರುವ ದೇವಾಲ, ಪಂದಲೂರುಗಳು ತಮಿಳುನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳ ಸಾಲಿನಲ್ಲಿವೆ. ಆಗುಂಬೆ, ಭಾಗಮಂಡಲದ ಮಳೆ ಕಂಡವರಿಗೆ ಇದು ಹೊಸದಲ್ಲ, ಆದರೆ ಮೈಸೂರಿನ ಬಿಸಿಲಿನಿಂದ ನೇರವಾಗಿ ಬಂದವರು ತೊರಪಳ್ಳಿ ದಾಟಿದ ಕೂಡಲೇ ವೈಪರ್ ಹಾಕಬೇಕಾಗಿ ಬಂದು ಬೆಪ್ಪಾಗುತ್ತಾರೆ. ಮರ ಉರುಳಿ, ಮಣ್ಣು ಕುಸಿದು ಘಟ್ಟದ ದಾರಿಗಳು ಬಂದ್ ಆಗುವುದು ಸಾಮಾನ್ಯ. 2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲೆಯಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡ ಭೂಕುಸಿತ ನಡೆದದ್ದು ಚೇರಂಬಾಡಿಯ ಆಚೆಗಿನ ಬೆಟ್ಟಸಾಲಿನಲ್ಲೇ. ರೆಡ್ ಅಲರ್ಟ್ ಘೋಷಣೆಯಾದ ದಿನ ಹೊರಡಬೇಡಿ. ಲಾಡ್ಜಿನ ಮುಂಗಡ ಹೋದರೆ ಹೋಗಲಿ.

ನೋಡಲು ಏನಿದೆ?

ಪಟ್ಟಿ ಹಿಡಿದು ಗುರುತು ಹಾಕುವವರಿಗೆ ಪೇಟೆಯೊಳಗೆ ಏನೂ ಇಲ್ಲ. ಹಾಗೆ ಹೇಳಿದರೆ ಜನ ಬೇಸರ ಮಾಡಿಕೊಳ್ಳುತ್ತಾರೆ, ಆದರೂ ಸುಳ್ಳು ಹೇಳಲಾರೆ. ಮೊದಲು ನೋಡಬೇಕಾದದ್ದು ಬೆಳಿಗ್ಗೆ ಐದೂವರೆ, ಆರರ ಬಸ್ ನಿಲ್ದಾಣ. ಮೂರು ರಾಜ್ಯಗಳ ಬಸ್ಸುಗಳು ಮೂರು ಲಿಪಿಯ ಬೋರ್ಡು ಹೊತ್ತು ಪಕ್ಕಪಕ್ಕದಲ್ಲಿ ನಿಂತು ಹೊಗೆ ಬಿಡುತ್ತಿರುತ್ತವೆ. ತಲೆಗೆ ಟವೆಲು ಸುತ್ತಿದ, ಕಾಲಿಗೆ ಗಮ್‌ಬೂಟು ತೊಟ್ಟ ಹೆಂಗಸರು ತೋಟದ ಕೆಲಸಕ್ಕೆ ಜೀಪಿಗಾಗಿ ಕಾಯುತ್ತಿರುತ್ತಾರೆ. ಚಹಾದಂಗಡಿಯವನು ಒಬ್ಬರಿಗೆ ತಮಿಳಿನಲ್ಲಿ ಲೆಕ್ಕ ಹೇಳಿ, ಚಿಲ್ಲರೆಯನ್ನು ಇನ್ನೊಬ್ಬರಿಗೆ ಮಲಯಾಳದಲ್ಲಿ ಎಣಿಸಿ, ನಮ್ಮ ಮುಖ ನೋಡಿದವನೇ ‘ಸಕ್ಕರೆ ಕಮ್ಮಿನಾ ಸಾರ್?’ ಎನ್ನುತ್ತಾನೆ. ಗೂಡಲೂರು ಎಂದರೆ ನನ್ನ ಮಟ್ಟಿಗೆ ಈ ಅರ್ಧ ತಾಸು.

ಊಟಿಯ ದಾರಿಯಲ್ಲಿ ಏಳೆಂಟು ಕಿಲೋಮೀಟರು ಏರಿದರೆ ಊಸಿಮಲೆ ಸಿಗುತ್ತದೆ. ಊಸಿ ಎಂದರೆ ಸೂಜಿ. ಅರಣ್ಯ ಇಲಾಖೆಯ ಟಿಕೆಟು ಪಡೆದು ನೀಲಗಿರಿ ಮರಗಳ ನಡುವೆ ಸ್ವಲ್ಪ ನಡೆದರೆ ಬೆಟ್ಟದ ಚೂಪು ತುದಿ. ಅಲ್ಲಿಂದ ಒಂದು ಕಡೆ ಗೂಡಲೂರಿನ ತೋಟಗಳ ಕಣಿವೆ, ಇನ್ನೊಂದು ಕಡೆ ಮುದುಮಲೆಯ ಕಾಡು ಕರ್ನಾಟಕದವರೆಗೆ ಹಾಸಿಕೊಂಡು ಕಾಣುತ್ತದೆ. ಮೂರು ಸಲ ಹೋದವನಿಗೆ ಒಂದು ಸಲ ಕಾಣುತ್ತದೆ ಎನ್ನಬೇಕು. ಉಳಿದೆರಡು ಸಲ ಬಿಳಿ ಮಂಜು. ಬೆಳಿಗ್ಗೆ ಬೇಗ ಹೋದರೆ ಅದೃಷ್ಟ ಹೆಚ್ಚು.

ದಕ್ಷಿಣಕ್ಕೆ ಓ ವ್ಯಾಲಿ ಇದೆ. 1840ರ ದಶಕದಲ್ಲಿ ನೀಲಗಿರಿಯನ್ನು ಅಳೆದ ಜೇಮ್ಸ್ ಔಕ್ಟರ್‌ಲೋನಿ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಕಣಿವೆಗೆ ಅಂಟಿಕೊಂಡು, ನಾಲಿಗೆಗೆ ಒಗ್ಗದೆ ‘ಓ’ ಒಂದೇ ಉಳಿಯಿತು. ಮೊದಲು ಕಾಫಿ, ಆಮೇಲೆ ಚಹಾ ಬೆಳೆದ ಈ ಕಣಿವೆಯ ಮೂರು ದಿಕ್ಕಿಗೂ ಗೋಡೆಯಂತೆ ಬೆಟ್ಟ. ತೋಟದೊಳಗಿನ ದಾರಿಗಳು ಖಾಸಗಿಯವು, ಆನೆ ಓಡಾಡುವವು. ಕೇಳದೆ ಒಳಗೆ ನುಗ್ಗಬಾರದು.

ಈ ಕಡೆ ಚಿನ್ನದ ಗಣಿ ಇತ್ತೆಂದು ಕೇಳಿದ್ದೇವೆ, ಹೌದೇ?

ಹೌದು. ದೇವಾಲ, ಪಂದಲೂರಿನ ಸುತ್ತ 1880ರ ಆಸುಪಾಸಿನಲ್ಲಿ ಚಿನ್ನದ ಹುಚ್ಚು ಹತ್ತಿ, ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಹುಟ್ಟಿ, ಷೇರು ಮಾರಿ, ಎರಡು ಮೂರು ವರ್ಷದಲ್ಲೇ ಮುಳುಗಿದವು. ಬಂಡೆಯೊಳಗೆ ಚಿನ್ನವಿತ್ತು, ತೆಗೆಯುವ ಖರ್ಚಿಗೆ ಸಾಲುವಷ್ಟು ಇರಲಿಲ್ಲ. ಅದೇ ದಶಕದಲ್ಲಿ ಕೋಲಾರದ ಗಣಿ ಕೈಹಿಡಿಯಿತು, ಇಲ್ಲಿಯದು ಕೈಕೊಟ್ಟಿತು. ಹಳೆಯ ಸುರಂಗಗಳು ಪೊದೆಗಳ ನಡುವೆ ಇನ್ನೂ ಬಾಯಿ ತೆರೆದುಕೊಂಡಿವೆ. ಕುಸಿಯುವ ಅಪಾಯವಿರುವುದರಿಂದ ಅವುಗಳೊಳಗೆ ಹೋಗುವುದು ಸಲ್ಲದು.

ಇತಿಹಾಸದಲ್ಲಿ ಆಸಕ್ತಿಯುಳ್ಳವರು ಇದಕ್ಕಿಂತ ನಡುವಟ್ಟಂನಲ್ಲಿ ಇಳಿಯುವುದು ಒಳ್ಳೆಯದು. ಊಟಿಯ ದಾರಿಯಲ್ಲಿ ಘಟ್ಟ ಮುಗಿಯುವಲ್ಲಿ ಸಿಗುವ ಈ ಹಳ್ಳಿಯಲ್ಲಿ ಬ್ರಿಟಿಷರು 1860ರ ದಶಕದಲ್ಲಿ ಸಿಂಕೋನಾ ನೆಟ್ಟರು. ಮಲೇರಿಯಾದ ಮದ್ದಾದ ಕ್ವಿನೈನ್ ಅದರ ತೊಗಟೆಯಿಂದಲೇ ಬರುತ್ತಿತ್ತು. ಕೂಲಿಗಾಗಿ ಕರೆತಂದದ್ದು ಮಲಯ ತೀರದಿಂದ ಮದ್ರಾಸ್ ಪ್ರಾಂತ್ಯದ ಜೈಲುಗಳಿಗೆ ಸಾಗಿಸಲ್ಪಟ್ಟ ಚೀನೀ ಕೈದಿಗಳನ್ನು. ಶಿಕ್ಷೆ ಮುಗಿದ ಮೇಲೆ ಅವರಲ್ಲಿ ಕೆಲವರು ತಮಿಳು ಹೆಂಗಸರನ್ನು ಮದುವೆಯಾಗಿ ಇಲ್ಲೇ ತರಕಾರಿ ಬೆಳೆದು ನೆಲೆಸಿದರು. ಅವರನ್ನು ಕೂಡಿಹಾಕಿದ್ದ ಜೈಲಿನ ಕಟ್ಟಡ ಈಗಲೂ ನಿಂತಿದೆ.

ಅಲ್ಲಿ ಕನ್ನಡ ನಡೆಯುತ್ತದೆಯೇ?

ಪೇಟೆಯಲ್ಲಿ ಧಾರಾಳವಾಗಿ ನಡೆಯುತ್ತದೆ. ತರಕಾರಿ ಗುಂಡ್ಲುಪೇಟೆಯಿಂದ ಬರುತ್ತದೆ, ವ್ಯಾಪಾರಕ್ಕೂ ಆಸ್ಪತ್ರೆಗೂ ಜನ ಮೈಸೂರಿಗೆ ಹೋಗುತ್ತಾರೆ. ಭಾಷೆ ಆ ಲಾರಿ ಬಸ್ಸುಗಳಲ್ಲೇ ಓಡಾಡುತ್ತದೆ. ಆಡಳಿತದ ಭಾಷೆ ತಮಿಳಾದರೂ ಬೀದಿಯಲ್ಲಿ ಮಲಯಾಳವೂ ಅಷ್ಟೇ ಕೇಳುತ್ತದೆ. ಅದಕ್ಕೆ ಕಾರಣ, ಈ ಸೀಮೆ ಮೂಲದಲ್ಲಿ ವಯನಾಡಿನ ಭಾಗ. ಮಲಬಾರಿಗೆ ಸೇರಿದ್ದ ಆಗ್ನೇಯ ವಯನಾಡನ್ನು ಬ್ರಿಟಿಷರು 1877ರಲ್ಲಿ ನೀಲಗಿರಿ ಜಿಲ್ಲೆಗೆ ಸೇರಿಸಿದರು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಉಳಿದ ವಯನಾಡು ಕೇರಳಕ್ಕೆ ಹೋಯಿತು, ಇದು ಮದ್ರಾಸಿನಲ್ಲೇ ಉಳಿಯಿತು.

ಕನ್ನಡದ ನಂಟು ಬಸ್ಸಿಗಿಂತ ಹಳೆಯದು. ಪಂದಲೂರಿನ ಬಳಿಯ ನೆಲ್ಲಿಯಾಳದ ಅರಸು ಮನೆತನದವರು ಕನ್ನಡ ಮಾತಾಡುವ ಲಿಂಗಾಯತರು. ಇಂದಿನ ಚಾಮರಾಜನಗರ ಜಿಲ್ಲೆಯ ಉಮ್ಮತ್ತೂರಿನಿಂದ ತಮ್ಮ ಹಿರಿಯರು ಬಂದರೆಂಬುದು ಅವರ ಮನೆತನದ ಹೇಳಿಕೆ. ಘಟ್ಟದ ಮೇಲಿನ ಬಡಗರ ಮಾತನ್ನು ಕಿವಿಗೊಟ್ಟು ಕೇಳಿದರೆ ಹಳಗನ್ನಡದ ನೆರಳು ಕಾಣುತ್ತದೆ; ಬಡಗ ಎಂದರೆ ಬಡಗಣದಿಂದ ಬಂದವರು ಎಂದೇ ಅರ್ಥ. ಪಣಿಯರು, ಬೆಟ್ಟಕುರುಂಬರು, ಮುಳ್ಳುಕುರುಂಬರು, ಕಾಟ್ಟುನಾಯಕರು ಈ ಸೀಮೆಯ ಮೂಲನಿವಾಸಿಗಳು. ಅವರ ಹಾಡಿಗಳು ಪ್ರವಾಸಿ ತಾಣಗಳಲ್ಲ. ಕ್ಯಾಮೆರಾ ಹಿಡಿದು ಮನೆಯಂಗಳಕ್ಕೆ ಹೋಗುವುದನ್ನು ನಾವು ನಮ್ಮ ಮನೆಯಲ್ಲಿ ಸಹಿಸುವುದಿಲ್ಲ, ಅವರೂ ಸಹಿಸಬೇಕಾಗಿಲ್ಲ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳರಿಗಾಗಿ ಸರ್ಕಾರವೇ 1968ರಲ್ಲಿ ಚಹಾ ತೋಟಗಳನ್ನು ಆರಂಭಿಸಿತು. ಆ ಕುಟುಂಬಗಳ ಮೂರನೆಯ ತಲೆಮಾರು ಈಗ ಪೇಟೆಯ ಅಂಗಡಿಗಳಲ್ಲಿದೆ.

ಜಮೀನು ಅಗ್ಗವೆಂದು ದಲ್ಲಾಳಿಗಳು ಹೇಳುತ್ತಾರೆ. ಒಂದೆರಡು ಎಕರೆ ಕೊಳ್ಳಬಹುದೇ?

ಈ ಪ್ರಶ್ನೆ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ನನ್ನ ಸಲಹೆ: ಬೇಡ. ಇಲ್ಲಿಯ ಬಹುಪಾಲು ಭೂಮಿ ಹಿಂದೆ ನಿಲಂಬೂರು ಕೋವಿಲಕಂ (ಅಲ್ಲಿಯ ಅರಸು ಮನೆತನ) ಮುಂತಾದ ಜನ್ಮಿಗಳದು, ಅಂದರೆ ಜಮೀನ್ದಾರರದು. ತೋಟದವರು ಅವರಿಂದ ಗುತ್ತಿಗೆ ಪಡೆದಿದ್ದರು. 1969ರಲ್ಲಿ ತಮಿಳುನಾಡು ಸರ್ಕಾರ ಗೂಡಲೂರು ಜನ್ಮಂ ಎಸ್ಟೇಟುಗಳ ರದ್ದತಿ ಕಾಯಿದೆ ತಂದಿತು. ಅಲ್ಲಿಂದ ಶುರುವಾದ ವ್ಯಾಜ್ಯ ಎಲ್ಲಿಗೆ ಮುಟ್ಟಿತೆಂದರೆ, ನ್ಯಾಯಾಲಯದ ಪ್ರಶ್ನೆಗೆ ಸಿಗದಿರಲೆಂದು ಸಂವಿಧಾನದ 9ನೆಯ ಅನುಸೂಚಿಗೆ ಸೇರಿಸಿದ ಕಾನೂನನ್ನೂ ನ್ಯಾಯಾಲಯ ಪರಿಶೀಲಿಸಬಹುದೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2007ರ ಜನವರಿಯಲ್ಲಿ ಹೇಳಿದ ಐ.ಆರ್. ಕೊಯೆಲೊ ಪ್ರಕರಣದ ಮೂಲ ಈ ಕಾಯಿದೆಯೇ. ಸಾಲದ್ದಕ್ಕೆ, ಗೂಡಲೂರಿನ ಕಾಡು ಕಡಿತವನ್ನು ಕಂಡು ನಿಲಂಬೂರು ಕೋವಿಲಕಂನ ಟಿ.ಎನ್. ಗೋದವರ್ಮನ್ ತಿರುಮುಲ್ಪಾಡ್ ಅವರು 1995ರಲ್ಲಿ ಹೂಡಿದ ಅರ್ಜಿಯಲ್ಲೇ, ಒಡೆತನ ಯಾರದಾದರೂ ಕಾಡು ಕಾಡೇ ಎಂಬ 1996ರ ಡಿಸೆಂಬರ್ 12ರ ಆದೇಶ ಬಂದದ್ದು. ಕಾನೂನು ಓದಿದ ಯಾರನ್ನಾದರೂ ಕೇಳಿ, ಎರಡೂ ಹೆಸರು ಬಾಯಿಪಾಠ ಹೇಳುತ್ತಾರೆ; ಎರಡೂ ಈ ಪುಟ್ಟ ಪೇಟೆಯ ಸುತ್ತಿನವೆಂದು ಮಾತ್ರ ಬಹಳ ಜನರಿಗೆ ಗೊತ್ತಿಲ್ಲ. ‘ಸೆಕ್ಷನ್ 17ರ ಜಮೀನು’ (ಅದೇ ಜನ್ಮಂ ಕಾಯಿದೆಯಡಿ ವ್ಯಾಜ್ಯದಲ್ಲಿರುವ ಗುತ್ತಿಗೆ ಜಮೀನು) ಎಂಬ ಮಾತು ಕಿವಿಗೆ ಬಿದ್ದರೆ, ದಲ್ಲಾಳಿಗೆ ಒಂದು ಚಹಾ ಕೊಡಿಸಿ ಎದ್ದುಬನ್ನಿ.

ಊಟ, ವಸತಿ?

ಊಟಕ್ಕೆ ತೊಂದರೆಯಿಲ್ಲ. ಬಾಳೆಲೆಯ ತಮಿಳು ಸಸ್ಯಾಹಾರದ ಹೋಟೆಲುಗಳೂ, ಪರೋಟ, ಬಿರಿಯಾನಿಯ ಮಲಬಾರ್ ಹೋಟೆಲುಗಳೂ ಒಂದೇ ಬೀದಿಯಲ್ಲಿವೆ. ಕಪ್ಪು ಚಹಾ ಬೇಕಾದವರು ‘ಕಟ್ಟನ್’ ಎಂದರೆ ಸಾಕು.

ಪೇಟೆಯ ಲಾಡ್ಜುಗಳು ಸಾದಾ, ಸ್ವಚ್ಛ. ತೋಟದ ನಡುವಿನ ಹೋಂಸ್ಟೇ ಬಯಸುವವರು ಜಿಲ್ಲಾಡಳಿತದ ಪರವಾನಗಿ ಇದೆಯೇ ಎಂದು ಕೇಳಿಯೇ ಹಣ ಕಟ್ಟಬೇಕು. ಅನುಮತಿಯಿಲ್ಲದವುಗಳಿಗೆ ಅಧಿಕಾರಿಗಳು ಬೀಗ ಹಾಕುತ್ತಿರುತ್ತಾರೆ. ಅದಕ್ಕಿಂತ ಹೆಚ್ಚಾಗಿ, 2021ರ ಜನವರಿಯಲ್ಲಿ ಮಸಿನಗುಡಿಯ ಬಳಿ ವಸತಿಯೊಂದರ ಹತ್ತಿರ ಬಂದ ಆನೆಯ ಮೇಲೆ ಉರಿಯುವ ಟೈರು ಎಸೆದು ಅದು ಸತ್ತದ್ದನ್ನು ಮರೆಯಬಾರದು. ಆನೆಯ ದಾರಿಯಲ್ಲಿ ಕಟ್ಟಿದ ಕೋಣೆಯಲ್ಲಿ ಮಲಗುವುದು ಬೇಡ.

ಆನೆ ಪೇಟೆಗೂ ಬರುತ್ತದೆಯೇ?

ಬರುತ್ತದೆ. ಪಂದಲೂರಿನ ಕಡೆ ಮನೆಗೋಡೆ ಕೆಡವಿ ಅಕ್ಕಿ ತಿನ್ನುತ್ತಿದ್ದ ಒಂದು ಮಖ್ನಾಕ್ಕೆ, ಅಂದರೆ ದಂತವಿಲ್ಲದ ಗಂಡಾನೆಗೆ, ಜನ ‘ಅರಿಸಿ ರಾಜ’ (ಅರಿಸಿ ಎಂದರೆ ಅಕ್ಕಿ) ಎಂದೇ ಹೆಸರಿಟ್ಟಿದ್ದರು. 2022ರ ಡಿಸೆಂಬರಿನಲ್ಲಿ ಅದನ್ನು ಹಿಡಿದು ಮುದುಮಲೆಗೆ ಬಿಟ್ಟರೆ, ಒಂದು ತಿಂಗಳಲ್ಲಿ ಸುಲ್ತಾನ್ ಬತ್ತೇರಿಯ ಪೇಟೆಯಲ್ಲಿ ಪ್ರತ್ಯಕ್ಷವಾಯಿತು. ಅದಕ್ಕೆ ಚೆಕ್‌ಪೋಸ್ಟೂ ಇಲ್ಲ, ಇ-ಪಾಸೂ ಇಲ್ಲ. ಕತ್ತಲಾದ ಮೇಲೆ, ಬೆಳಕು ಹರಿಯುವ ಮುನ್ನ ತೋಟದ ದಾರಿಯಲ್ಲಿ ನಡೆಯಬೇಡಿ. ಸ್ಥಳೀಯರು ‘ಈಗ ಬೇಡ’ ಎಂದರೆ ಏಕೆಂದು ಕೇಳದೆ ನಿಲ್ಲಿ.

ಊಟಿಗೆ ಗೂಡಲೂರಿನ ದಾರಿ ಒಳ್ಳೆಯದೋ, ಮಸಿನಗುಡಿಯದೋ?

ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿದರೆ ಮಸಿನಗುಡಿ, ಕಲ್ಲಟ್ಟಿ. ದೂರ ಕಡಿಮೆ, 36 ಹೇರ್‌ಪಿನ್ ತಿರುವು, ಎದೆ ನಡುಗಿಸುವ ಕಡಿದಾದ ಏರು. ಆ ದಾರಿಯಲ್ಲಿ ಹೊರಗಿನ ವಾಹನಗಳು ಇಳಿಯದಂತೆ ನಿರ್ಬಂಧವೂ ಇದೆ. ಗೂಡಲೂರಿನಿಂದ ಊಟಿಗೆ ಸುಮಾರು 50 ಕಿಲೋಮೀಟರು. ತಿರುವು ಅಗಲ, ಏರು ಹದ. ಹೊಸ ಚಾಲಕರು, ವಯಸ್ಸಾದವರು, ಬಸ್ಸಿನಲ್ಲಿ ವಾಂತಿ ಮಾಡುವ ಮಕ್ಕಳು ಇರುವವರು ಎರಡನೆಯದನ್ನೇ ಹಿಡಿಯಿರಿ. ಇಳಿಯುವಾಗ ಬ್ರೇಕನ್ನೇ ಒತ್ತುತ್ತಾ ಕೂರದೆ, ಏರಿದ ಗೇರಿನಲ್ಲೇ ಇಳಿಯಿರಿ.

ಮರಳುವಾಗ ಏನು ತರಬಹುದು?

ಚಹಾ ಪುಡಿ, ಮೆಣಸು, ಏಲಕ್ಕಿ. ಚಹಾವನ್ನು ಘಟ್ಟದ ಮೇಲಿನ ಪ್ರವಾಸಿ ಅಂಗಡಿಗಳಲ್ಲಿ ಕೊಳ್ಳದೆ, ಗೂಡಲೂರು ಪೇಟೆಯಲ್ಲಿ ಊರಿನವರು ಕೊಳ್ಳುವ ಅಂಗಡಿಯಲ್ಲಿ ಕೊಂಡರೆ ಅದೇ ಪುಡಿ ಕಡಿಮೆ ಬೆಲೆಗೆ ಸಿಗುತ್ತದೆ. ಚಾಕೊಲೇಟು ‘ಮಾಗಡಿ ರೋಡಿನಲ್ಲೂ ಸಿಗುತ್ತದೆ’ ಎಂದು ನಮ್ಮ ಮನೆಯವರ ಅಭಿಪ್ರಾಯ. ಮಳೆಗಾಲದಲ್ಲಿ ಹೋಗಿದ್ದರೆ ಗಾಡಿ ಹತ್ತುವ ಮುನ್ನ ಸಾಕ್ಸು ಬಿಚ್ಚಿ ಒಮ್ಮೆ ನೋಡಿಕೊಳ್ಳಿ. ನನ್ನ ಜೊತೆ ಗುಂಡ್ಲುಪೇಟೆಯವರೆಗೆ ಒಂದು ಜಿಗಣೆ ಟಿಕೆಟಿಲ್ಲದೆ ಬಂದಿತ್ತು.